ಲಿಂಬೆ ಸಿಪ್ಪೆಯ ಕೈಗೆ ನಿಕಲ್ ಕೊಡುವ ಮುನ್ನ

ಇಂಡಿ ಸೀಮೆಯಲ್ಲಿ ಲಿಂಬೆ ಸಿಪ್ಪೆಗೆ ಬರವಿಲ್ಲ. ಮುಧೋಳ, ಜಮಖಂಡಿ ಕಡೆ ಕಬ್ಬಿನ ಸಿಪ್ಪೆ ಬೇಕಾದಷ್ಟು, ಶೇಂಗಾ ಹೊಟ್ಟಂತೂ ಎಲ್ಲೆಡೆ ಸಿಗುತ್ತದೆ. ನೀರಿನಲ್ಲಿ ಕರಗಿದ ಭಾರ ಲೋಹಗಳನ್ನು ಇವು ಹಿಡಿಯುತ್ತವೆ ಎಂಬ ಮಾತು ಸುಳ್ಳಲ್ಲ. ಆದರೆ ಬೆಳಗಾವಿಯ ಉದ್ಯಮಬಾಗದಲ್ಲಿ ಸಣ್ಣ ಪ್ಲೇಟಿಂಗ್ ಶಾಪ್ (ಸಾಮಾನಿಗೆ ನಿಕಲ್‌ನಂಥ ಲೋಹದ ಲೇಪ ಹಾಕುವ ಅಂಗಡಿ) ನಡೆಸುವವರು ಸಂಶೋಧನಾ ಪ್ರಬಂಧಗಳಲ್ಲಿ ಅಚ್ಚಾದ ಅಂಕಿ ನೋಡಿ ಲೆಕ್ಕ ಹಾಕಿದರೆ ಕೆಡುತ್ತಾರೆ. ಆ ಅಂಕಿಗಳಲ್ಲಿ ಹೆಚ್ಚಿನವು ಡಿಸ್ಟಿಲ್ಡ್ ನೀರಿಗೆ ಒಂದೇ ಲೋಹ ಬೆರೆಸಿ ತೆಗೆದವು. ಲೇಪ ಹಾಕಿದ ಸಾಮಾನು ತೊಳೆಯುವ ನಿಮ್ಮ ರಿನ್ಸ್ ಟ್ಯಾಂಕಿನಲ್ಲಿರುವುದು ಬೋರ್‌ವೆಲ್ಲಿನ ಗಡಸು ನೀರು.

ಗಡಸುತನ ಯಾಕೆ ಅಡ್ಡ ಬರುತ್ತದೆ ಎಂದರೆ, ಲಿಂಬೆ ಸಿಪ್ಪೆ ಲೋಹವನ್ನು ಹೀರುವುದಿಲ್ಲ, ಅದಲುಬದಲು ಮಾಡುತ್ತದೆ. ಅದರಲ್ಲಿರುವ ಅಂಟು ಪದಾರ್ಥ ಪೆಕ್ಟಿನ್‌ನ ಕಾರ್ಬಾಕ್ಸಿಲ್ ಗುಂಪುಗಳು (ಲೋಹ ಹಿಡಿಯುವ ಆಮ್ಲೀಯ ತುದಿಗಳು) ತಾವು ಹಿಡಿದಿದ್ದ ಕ್ಯಾಲ್ಸಿಯಂ ಅಥವಾ ಹೈಡ್ರೋಜನ್ ಬಿಟ್ಟು ಆ ಜಾಗಕ್ಕೆ ನಿಕಲ್ ಕೂರಿಸಿಕೊಳ್ಳುತ್ತವೆ. ನೀರಿನಲ್ಲೇ ಕ್ಯಾಲ್ಸಿಯಂ ತುಂಬಿದ್ದರೆ ಅದೂ ಅದೇ ಜಾಗಕ್ಕೆ ನುಗ್ಗುತ್ತದೆ. ಸೀಸ, ತಾಮ್ರಗಳಿಗೆ ಪೆಕ್ಟಿನ್ ಹಿಡಿತ ಬಿಗಿ, ಹಾಗಾಗಿ ಅವು ಹೇಗೋ ಗೆಲ್ಲುತ್ತವೆ. ನಿಕಲ್, ಸತುವಿನ ಹಿಡಿತ ಸಡಿಲ. ಏಟು ಬೀಳುವುದು ಇವಕ್ಕೇ.

ಸಿಪ್ಪೆಯನ್ನು ಹಸಿಯಾಗಿ ಹಾಕಲೇಬೇಡಿ. ಸಕ್ಕರೆ, ಹುಳಿ, ಎಣ್ಣೆ ಎಲ್ಲ ನೀರಿಗೆ ಬಿಡುತ್ತದೆ, ಸಿಒಡಿ (ನೀರಿನಲ್ಲಿರುವ ಸಾವಯವ ಕೊಳೆಯ ಅಳತೆ) ಏರುತ್ತದೆ, ಎರಡು ಮೂರು ದಿನಕ್ಕೆ ಲೋಳೆಯಾಗಿ ನಾರುತ್ತದೆ. ಬಿಸಿನೀರಲ್ಲಿ ಮೂರು ನಾಲ್ಕು ಸಲ ತೊಳೆದು, ಒಣಗಿಸಿ, ಒರಟಾಗಿ ಬೀಸಿ, 1ರಿಂದ 2 ಮಿ.ಮೀ. ಗಾತ್ರದ್ದನ್ನು ಮಾತ್ರ ಜರಡಿ ಹಿಡಿದಿಟ್ಟುಕೊಳ್ಳಿ. ನುಣ್ಣನೆಯ ಪುಡಿ ಬೀಕರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಪೈಪಿನೊಳಗೆ ಕೆಸರಿನಂತೆ ಕಟ್ಟಿಕೊಳ್ಳುತ್ತದೆ. ಬಳಿಕ ಒಂದು ಕಿಲೋ ಒಣ ಸಿಪ್ಪೆಗೆ 20 ಲೀಟರ್ ನೀರು, 150 ಗ್ರಾಂ ಅರಳಿದ ಸುಣ್ಣ ಹಾಕಿ 24 ಗಂಟೆ ಬಿಡಿ. ಆಗಾಗ ಕದಡುತ್ತಿರಿ, ಪಿಎಚ್ (ಹುಳಿ-ಕ್ಷಾರದ ಅಳತೆ, 7ರ ಕೆಳಗೆ ಹುಳಿ, ಮೇಲೆ ಕ್ಷಾರ) 11ಕ್ಕಿಂತ ಇಳಿದರೆ ಇನ್ನಷ್ಟು ಸುಣ್ಣ ಬೇಕು. ಸುಣ್ಣದ ಕ್ಷಾರ ಕಾರ್ಬಾಕ್ಸಿಲ್ ಗುಂಪುಗಳನ್ನು ತೆರೆದರೆ, ಅದರ ಕ್ಯಾಲ್ಸಿಯಂ ಪೆಕ್ಟಿನ್ ಕರಗಿ ಹೋಗದಂತೆ ಬಿಗಿಯುತ್ತದೆ. ಕೊನೆಗೆ ತೊಳೆದ ನೀರಿನ ಪಿಎಚ್ 8ಕ್ಕೆ ಬರುವವರೆಗೂ ತೊಳೆದು 60 ಡಿಗ್ರಿಯಲ್ಲಿ ಒಣಗಿಸಿ. ಈ ಕೊನೆಯ ತೊಳೆತದಲ್ಲಿ ಸೋಮಾರಿತನ ಮಾಡಿದವರೇ ಮುಂದೆ ಮೋಸ ಹೋಗುವುದು.

ಮೋಸ ಹೇಗೆ ಎಂಬುದು ಜಾರ್ ಪರೀಕ್ಷೆಯಲ್ಲಿ ಕಾಣುತ್ತದೆ. ನಿಮ್ಮದೇ ರಿನ್ಸ್ ನೀರನ್ನು ಅರ್ಧರ್ಧ ಲೀಟರಿನಂತೆ ನಾಲ್ಕು ಜಾರಿಗೆ ಹಾಕಿ, ಪಿಎಚ್ 6ಕ್ಕೆ ತನ್ನಿ. ಮೂರಕ್ಕೆ 1, 2.5, 5 ಗ್ರಾಂ ಸಿಪ್ಪೆ, ನಾಲ್ಕನೆಯದು ಹೋಲಿಕೆಗೆ, ಸಿಪ್ಪೆಯಿಲ್ಲದೆ. ಒಂದು ಗಂಟೆ ಕಲಕಿ, ಸೋಸುವ ಮುಂಚೆ ಪ್ರತಿಯೊಂದರ ಪಿಎಚ್ ಮತ್ತೆ ನೋಡಿ. ಸಿಪ್ಪೆಯಲ್ಲಿ ಸುಣ್ಣ ಉಳಿದಿದ್ದರೆ ಅದು 9ರ ಆಚೆ ಹೋಗಿರುತ್ತದೆ. ಆಗ ನಿಕಲ್ ಹೈಡ್ರಾಕ್ಸೈಡ್ ಎಂಬ ಕರಗದ ಕೆಸರಾಗಿ ತಳಕ್ಕೆ ಕೂತಿರುತ್ತದೆ, ನಿಮಗೆ ಮಾತ್ರ ಸಿಪ್ಪೆ ಹಿಡಿಯಿತು ಎನ್ನಿಸುತ್ತದೆ. 7.5 ದಾಟಿದ ಜಾರಿನ ಫಲಿತಾಂಶವನ್ನು ಬಿಟ್ಟುಬಿಡಿ. ಪಿಎಚ್ 3ಕ್ಕೆ ಇಳಿದರೂ ಉಪಯೋಗವಿಲ್ಲ, ಆಮ್ಲದ ಹೈಡ್ರೋಜನ್ನೇ ಜಾಗ ಹಿಡಿದಿರುತ್ತದೆ. ಲ್ಯಾಬಿಗೆ ಕಳಿಸುವ ಸ್ಯಾಂಪಲ್ಲನ್ನು ಮೊದಲು ಸೋಸಿ, ಆಮೇಲೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ರ ಕೆಳಗೆ ತನ್ನಿ. ಈ ಕ್ರಮ ತಿರುಗುಮುರುಗಾದರೆ ತೇಲುತ್ತಿದ್ದ ಹೈಡ್ರಾಕ್ಸೈಡೂ ಕರಗಿ ಲೆಕ್ಕಕ್ಕೆ ಸೇರುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಸಿಪ್ಪೆ ಕೊನೆಯ ಹಂತದ ಕೆಲಸಕ್ಕೆ ಸರಿ, ಮೊದಲ ಹಂತಕ್ಕಲ್ಲ. ಲೀಟರಿಗೆ 100 ಮಿ.ಗ್ರಾಂ ನಿಕಲ್ ಇರುವ ನೀರಿಗೆ ಸುಣ್ಣ ಹಾಕಿ, ಪಿಎಚ್ 10ರ ಹತ್ತಿರ ಕೂರಿಸುವುದೇ ಅಗ್ಗ. ಹೊಳೆ, ಹಳ್ಳಕ್ಕೆ ಬಿಡುವ ನೀರಿನಲ್ಲಿ ನಿಕಲ್ ಮಿತಿ ಲೀಟರಿಗೆ 3 ಮಿ.ಗ್ರಾಂ, ಪ್ಲೇಟಿಂಗ್ ಘಟಕಗಳಿಗೆ ಪಿಎಚ್ 6ರಿಂದ 9. ಸುಣ್ಣದ ಬಳಿಕ ಮಿತಿಯ ಆಸುಪಾಸು ಅಥವಾ ತುಸು ಮೇಲೆ ಉಳಿದದ್ದನ್ನು ಸಿಪ್ಪೆಗೆ ಕೊಡಿ. ಆದರೆ ಕೆಸರನ್ನು ಪೂರ್ತಿ ಕೂರಿಸಿ, ಸೋಸಿದ ಮೇಲೆಯೇ ಆಮ್ಲ ಹಾಕಿ ಪಿಎಚ್ 6ಕ್ಕೆ ಇಳಿಸಬೇಕು. ಅವಸರಪಟ್ಟರೆ ಕೂತ ನಿಕಲ್ ಎದ್ದು ಮತ್ತೆ ನೀರಿಗೆ ಬರುತ್ತದೆ.

ಇನ್ನು ಪೈಪಿನ ಲೆಕ್ಕ. ನಾಲ್ಕಿಂಚಿನ ಪಿವಿಸಿ ಪೈಪಿನಲ್ಲಿ 60 ಸೆಂ.ಮೀ. ಎತ್ತರ ಸಿಪ್ಪೆ ತುಂಬಿದರೆ ಜಾಗ ಸುಮಾರು 4.7 ಲೀಟರ್. ನೀರು ಅಲ್ಲಿ 15 ನಿಮಿಷ ಇರಬೇಕೆಂದರೆ ಗಂಟೆಗೆ 19 ಲೀಟರ್ ಮೀರಿ ಬಿಡುವಂತಿಲ್ಲ. ಒಳಗೆ ಒಣ ತೂಕದಲ್ಲಿ 1.2 ಕಿಲೋ ಹಿಡಿಯಿತು, ಗಡಸು ನೀರಿನಲ್ಲಿ ಗ್ರಾಂ ಸಿಪ್ಪೆ 5 ಮಿ.ಗ್ರಾಂ ನಿಕಲ್ ಹಿಡಿಯಿತು ಎಂದುಕೊಳ್ಳಿ. ಒಟ್ಟು 6 ಗ್ರಾಂ. ಲೀಟರಿಗೆ 5 ಮಿ.ಗ್ರಾಂ ಇರುವ ನೀರಾದರೆ 1,200 ಲೀಟರಿಗೆ ಪೈಪು ಖಲ್ಲಾಸ್. ಗ್ರಾಂಗೆ 5 ಎಂಬ ಆ ಅಂಕಿಯ ಬದಲು ನಿಮ್ಮ ಜಾರ್ ಪರೀಕ್ಷೆಯದ್ದು (ಸಿಪ್ಪೆಯಿಲ್ಲದ ಜಾರಿಗಿಂತ ಎಷ್ಟು ಮಿ.ಗ್ರಾಂ ನಿಕಲ್ ಕಡಿಮೆಯಾಯಿತೋ ಅದನ್ನು ಸಿಪ್ಪೆಯ ಗ್ರಾಂನಿಂದ ಭಾಗಿಸಿ) ಹಾಕಿ ನೋಡಿ, ಎಷ್ಟು ಪೈಪು ಬೇಕು ಎಂಬುದು ಅಲ್ಲೇ ಇತ್ಯರ್ಥವಾಗುತ್ತದೆ. ಸಿಪ್ಪೆ ನೆನೆದು ಉಬ್ಬುವುದರಿಂದ ನೆನೆಸಿಯೇ ತುಂಬಿ, ಮೇಲೆ ಒಂದಿಷ್ಟು ಖಾಲಿ ಬಿಡಿ. ನೀರು ಕೆಳಗಿನಿಂದ ಮೇಲೆ ಹರಿಯಲಿ. ಮೇಲಿನಿಂದ ಬಿಟ್ಟರೆ ಸಿಪ್ಪೆ ಅದುಮಿಕೊಂಡು ನೀರು ಅಂಚಿನಲ್ಲಿ ದಾರಿ ಮಾಡಿಕೊಳ್ಳುತ್ತದೆ.

ಒಂದರ ಹಿಂದೆ ಒಂದರಂತೆ ಎರಡು ಪೈಪು ಇಡಿ. ಮೊದಲನೆಯದರ ಹೊರನೀರಿನ ಒಂದು ಹನಿಯನ್ನು ಫಿಲ್ಟರ್ ಕಾಗದದ ಮೇಲೆ ಬಿಟ್ಟು, ಆಲ್ಕೋಹಾಲಿನಲ್ಲಿ ಕರಗಿಸಿದ ಶೇ. 1ರ ಡೈಮಿಥೈಲ್‌ಗ್ಲೈಆಕ್ಸಿಮ್ ಒಂದು ಹನಿ ಹಾಕಿ, ಅಮೋನಿಯಾ ಬಾಟಲಿಯ ಬಾಯಿಗೆ ಹಿಡಿಯಿರಿ. ನಿಕಲ್ ಇದ್ದರೆ ಗುಲಾಬಿ ಬಣ್ಣದ ಕಲೆ ಮೂಡುತ್ತದೆ. ಮೂಡಿದ ದಿನ ಎರಡನೆಯದನ್ನು ಮುಂದಕ್ಕೆ ತಂದು, ಹೊಸದನ್ನು ಹಿಂದೆ ಕೂರಿಸಿ. ಲ್ಯಾಬಿನ ವರದಿ ಬರುವವರೆಗೆ ಕಾಯಬೇಕಿಲ್ಲ.

ಕ್ರೋಮಿಯಂಗೆ ಈ ವಿಧಾನ ಒಗ್ಗುವುದಿಲ್ಲ. ಕ್ರೋಮ್ ಪ್ಲೇಟಿಂಗಿನ ಷಡ್ವೇಲೆನ್ಸಿ (ಹೆಕ್ಸಾವೇಲೆಂಟ್) ಕ್ರೋಮಿಯಂ ನೀರಿನಲ್ಲಿ ಋಣ ಅಯಾನಾಗಿರುತ್ತದೆ (ನಿಕಲ್‌ನಂತೆ ಧನವಲ್ಲ, ಋಣ ವಿದ್ಯುದಂಶದ ಕಣ), ಪಿಎಚ್ 6ರಲ್ಲಿ ಸಿಪ್ಪೆ ಅದನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಪಿಎಚ್ 2ರಲ್ಲಿ ನಿಧಾನವಾಗಿ ಹಿಡಿಯುತ್ತದೆ, ಆದರೆ ಅಷ್ಟು ಆಮ್ಲ ಸುರಿಯುವುದಾದರೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಅದನ್ನು ಕೆಸರಾಗಿ ಕೂರುವ ರೂಪಕ್ಕೆ ತರುವುದೇ ವಾಸಿ: ಒಂದು ಗ್ರಾಂ ಕ್ರೋಮಿಯಂಗೆ ಸುಮಾರು 3 ಗ್ರಾಂ, ಆಮೇಲೆ ಸುಣ್ಣ ಹಾಕಿ ಪಿಎಚ್ 8.5ರಲ್ಲಿ ಕೂರಿಸಿದರಾಯಿತು. ಸೈನೈಡ್ ಬೆರೆತ ಪ್ಲೇಟಿಂಗ್ ದ್ರಾವಣದ ನೀರಿಗಂತೂ ಆಮ್ಲವನ್ನು ಹತ್ತಿರವೂ ತರಬೇಡಿ, ಹೊರಡುವ ಗಾಳಿ ಜೀವ ತೆಗೆಯುತ್ತದೆ. ಅಂದಹಾಗೆ ಬಾಗಲಕೋಟೆ, ವಿಜಯಪುರದ ಬೋರ್‌ವೆಲ್ ಫ್ಲೋರೈಡಿಗೂ ಸಿಪ್ಪೆ ಮದ್ದಾಗಬಹುದೇ ಎಂದು ಕೇಳುವವರಿದ್ದಾರೆ. ಫ್ಲೋರೈಡ್ ಭಾರ ಲೋಹವಲ್ಲ, ಅದೂ ಋಣ ಅಯಾನೇ. ಬರೀ ಸಿಪ್ಪೆಗೆ ಅದು ಸಿಗುವುದಿಲ್ಲ.

ತುಂಬಿದ ಸಿಪ್ಪೆಯನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ (ಅಂಗಡಿಯ ಗಟ್ಟಿ ಆಮ್ಲ ಲೀಟರಿಗೆ 10 ಮಿ.ಲೀ.) ಒಂದು ಗಂಟೆ ಇಟ್ಟರೆ ನಿಕಲ್ ಬಿಡುತ್ತದೆ. ತೊಳೆದು, ಮತ್ತೆ ಸುಣ್ಣ ಕೊಟ್ಟು ಮೂರು ನಾಲ್ಕು ಸಲ ಬಳಸಬಹುದು. ಪ್ರತಿ ಸಲ ಶಕ್ತಿ ಕುಗ್ಗುತ್ತದೆ, ಕಾಳು ಮೆತ್ತಗಾಗುತ್ತದೆ. ಆ ಆಮ್ಲದಲ್ಲಿ ಈಗ ನಿಕಲ್ ದಟ್ಟವಾಗಿ ಕರಗಿದೆ, ಚರಂಡಿಗಲ್ಲ, ಸುಣ್ಣದ ಟ್ಯಾಂಕಿಗೇ ಹೋಗಬೇಕು.

ಸೋತ ಸಿಪ್ಪೆಯನ್ನು ತಿಪ್ಪೆಗೆ ಹಾಕುವಂತಿಲ್ಲ, ಗಾಣದ ಒಲೆಗೂ ಕೊಡುವಂತಿಲ್ಲ. ಸುಟ್ಟರೆ ಬೂದಿಯಲ್ಲಿ ನಿಕಲ್ ಇನ್ನೂ ದಟ್ಟವಾಗುತ್ತದೆ, ಆ ಬೂದಿ ಕೊನೆಗೆ ಯಾರದೋ ಹೊಲ ಸೇರುತ್ತದೆ. ಪ್ಲೇಟಿಂಗ್ ಕೆಸರಿನಂತೆ ಇದನ್ನೂ 2016ರ ಅಪಾಯಕಾರಿ ತ್ಯಾಜ್ಯ ನಿಯಮದಡಿಯೇ ನೋಡಿಕೊಳ್ಳಿ: ನೀರು ಬಸಿದು, ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿ, ಲೋಹದ ಹೆಸರು, ತೂಕ, ತಾರೀಖು ಬರೆದು, ಮಳೆ ತಾಗದ ಸಿಮೆಂಟ್ ನೆಲದ ಮೇಲಿಡಿ. 90 ದಿನದೊಳಗೆ ಪರವಾನಗಿ ಇರುವ ವಿಲೇವಾರಿ ಘಟಕಕ್ಕೆ ಸಾಗಿಸಬೇಕು. ಸಿಪ್ಪೆ ಪುಕ್ಕಟೆ ಸಿಗುತ್ತದೆಂದು ಲೆಕ್ಕ ಹಾಕುವಾಗ ಈ ಸಾಗಣೆಯ ಬಾಡಿಗೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ.