ಹಳೆಯ ಕಥೆಯನ್ನು ಮಗುವಿಗಾಗಿ ಸರಳಗೊಳಿಸಿ ಓದಬೇಕೆ?

ಪ್ರಶ್ನೆ: ನಾವು ಚಿಂತಾಮಣಿಯವರು. ಮನೆಮಾತು ತೆಲುಗು, ಮಗ ಓದುತ್ತಿರುವುದು ಕನ್ನಡ ಶಾಲೆಯಲ್ಲಿ. ಎಂಟು ವರ್ಷದ ಅವನಿಗೆ ದಿನವೂ ರಾತ್ರಿ ಮರದ ಬೊಂಬೆಯೊಂದರ ಕಥೆಯಾದ ‘ಪಿನೋಕಿಯೊ’ದ ಕನ್ನಡ ಅನುವಾದವನ್ನು ಒಂದೊಂದು ಅಧ್ಯಾಯದಂತೆ ಓದಿ ಹೇಳುತ್ತಿದ್ದೇನೆ. ಕಷ್ಟದ ಮಾತುಗಳನ್ನು ಬದಲಿಸಿ, ಹೆದರಿಸುವ ಭಾಗಗಳನ್ನು ಬಿಟ್ಟು ಓದಬಹುದೇ?

ಉತ್ತರ: ಬೇಡ, ಇದ್ದಂತೆಯೇ ಓದಿ. ಆಡುಮಾತಿನ ಕನ್ನಡ ನಿಮ್ಮ ಮಗನಿಗೆ ಬೀದಿಯಲ್ಲಿ, ಅಂಗಡಿಯಲ್ಲಿ, ಗೆಳೆಯರ ಜೊತೆಯಲ್ಲಿ ತಾನಾಗಿಯೇ ದೊರೆಯುತ್ತದೆ. ಆದರೆ ‘ಹೇಳಿದನಾದರೂ’, ‘ನೋಡುನೋಡುತ್ತಿದ್ದಂತೆಯೇ’ ಎಂಬಂಥ ಮಾತುಗಳಿಂದ ವಾಕ್ಯಕ್ಕೆ ವಾಕ್ಯವನ್ನು ಹೆಣೆಯುತ್ತ ಹೋಗುವ ಬರಹದ ಕನ್ನಡ ಅವನ ಕಿವಿಗೆ ಬೀಳುವುದು ಹೆಚ್ಚಾಗಿ ಯಾರಾದರೂ ಓದಿ ಹೇಳಿದಾಗಲೇ. ಅದನ್ನು ನೀವೇ ಕಳಚಿಬಿಟ್ಟರೆ, ನಾಳೆ ಅವನೊಬ್ಬನೇ ಪುಸ್ತಕ ಹಿಡಿದಾಗ ಆ ವಾಕ್ಯಗಳು ಅಪರಿಚಿತರಂತೆ ಎದುರು ನಿಲ್ಲುತ್ತವೆ.

ಗಮಕದಲ್ಲಿ ವಾಚನಕಾರರು ಪದ್ಯವನ್ನು ಕವಿ ಬರೆದಂತೆಯೇ ಹಾಡುತ್ತಾರೆ, ಬಿಡಿಸಿ ಹೇಳುವ ಕೆಲಸ ವ್ಯಾಖ್ಯಾನಕಾರರದು. ಅಕ್ಷರ ಬಾರದ ಎಷ್ಟೋ ಹಿರಿಯರ ನಾಲಿಗೆಯ ಮೇಲೆ ಕುಮಾರವ್ಯಾಸ ನಿಂತದ್ದು ಹೀಗೆ ಕೇಳಿ ಕೇಳಿಯೇ. ಮನೆಯಲ್ಲಿ ಆ ಎರಡೂ ಕೆಲಸ ನಿಮ್ಮದೇ, ಆದರೆ ವ್ಯಾಖ್ಯಾನ ಮಿತವಾಗಿರಲಿ. ಮೊದಲ ಅಧ್ಯಾಯದಲ್ಲಿ ‘ಕೊರಡು’ ಎಂಬ ಮಾತು ಬಂದರೆ ನಿಲ್ಲಿಸಬೇಕಾಗಿಲ್ಲ; ಬಡಗಿ ಅದಕ್ಕೆ ಕೊಡಲಿ ಎತ್ತಿದೊಡನೆ ಅದು ಏನೆಂಬುದು ಮಗುವಿಗೇ ಹೊಳೆಯುತ್ತದೆ. ಕಥೆಯೇ ಒಂದು ಪದದ ಮೇಲೆ ನಿಂತಿದ್ದಾಗ ಮಾತ್ರ ಅರ್ಥ ಹೇಳಿ, ತೆಲುಗಿನಲ್ಲಿ ಹೇಳಿದರೂ ತಪ್ಪಿಲ್ಲ. ಹೇಳಿದ ಮೇಲೆ ಅದೇ ವಾಕ್ಯವನ್ನು ಕನ್ನಡದಲ್ಲಿ ಇನ್ನೊಮ್ಮೆ ಓದಿ. ಈ ಮರುಓದನ್ನು ದಯವಿಟ್ಟು ಬಿಡಬೇಡಿ.

ಇನ್ನು ಭಯದ ಮಾತು. ಇಟಲಿಯ ಕಾರ್ಲೊ ಕೊಲೋದಿ 1881ರಲ್ಲಿ ಮಕ್ಕಳ ವಾರಪತ್ರಿಕೆಯೊಂದಕ್ಕೆ ಈ ಕಥೆಯನ್ನು ಕಂತುಗಳಲ್ಲಿ ಬರೆಯತೊಡಗಿ, ಕಳ್ಳರು ಬೊಂಬೆಯನ್ನು ಮರಕ್ಕೆ ನೇಣು ಹಾಕುವಲ್ಲಿಗೆ, ಅಂದರೆ ಈಗಿನ 15ನೆಯ ಅಧ್ಯಾಯಕ್ಕೆ, ಮುಗಿಸಿಬಿಟ್ಟಿದ್ದರು. ಓದುಗರು ಒಪ್ಪದೆ ಮುಂದುವರಿಸಲು ಕೇಳಿದ್ದರಿಂದ ಅದು 36 ಅಧ್ಯಾಯಗಳಿಗೆ ಬೆಳೆದು 1883ರಲ್ಲಿ ಪುಸ್ತಕವಾಯಿತು. ಆ ಘಟನೆಯನ್ನು ಹಾರಿಸಿದರೆ ನೀಲಿಗೂದಲಿನ ಹುಡುಗಿ ಬೊಂಬೆಯನ್ನು ಏಕೆ ಕಾಪಾಡಿದಳೆಂಬುದೇ ತಿಳಿಯದು. ಹಾಗಾಗಿ ಬಿಡದೆ ಓದಿ, ಆದರೆ ಆ ಒಂದು ರಾತ್ರಿ ದಿನಕ್ಕೊಂದೇ ಅಧ್ಯಾಯವೆಂಬ ನಿಯಮವನ್ನು ಮುರಿದು, ಅವಳು ಗಿಡುಗವನ್ನು ಕಳಿಸಿ ಬೊಂಬೆಯನ್ನು ಕೆಳಗಿಳಿಸುವ 16ನೆಯದನ್ನೂ ಓದಿದ ಮೇಲೆಯೇ ದೀಪ ಆರಿಸಿ.