ಆಡಳಿತ ಭಾಷೆಯ ಕಾಯ್ದೆ ಕಚೇರಿಯನ್ನು ಕಟ್ಟಿಹಾಕಬೇಕು, ಜನರನ್ನಲ್ಲ

ಹಲವು ಭಾಷೆಗಳ ದೇಶಕ್ಕೆ ಆಡಳಿತ ಭಾಷೆ ಎಂಬುದೊಂದು ಬೇಕೇ ಎಂಬ ಚರ್ಚೆ ಹಿಂದಿ ದಿವಸವಾದ ಪ್ರತಿ ಸೆಪ್ಟೆಂಬರ್ 14ಕ್ಕೆ, ಕನ್ನಡ ರಾಜ್ಯೋತ್ಸವದ ಪ್ರತಿ ನವೆಂಬರ್ 1ಕ್ಕೆ ಏಳುತ್ತದೆ. ಬಹುಪಾಲು ಅದು ಅಭಿಮಾನದ ಸುತ್ತಲೇ ತಿರುಗಿ ನಿಂತುಹೋಗುತ್ತದೆ. ಕಾಯ್ದೆ, ನಿಯಮ, ಸುತ್ತೋಲೆಗಳ ಜೊತೆ ದಿನವೂ ಕೆಲಸ ಮಾಡುವವರಿಗೆ ಪ್ರಶ್ನೆ ಬೇರೆ ಥರ ಕಾಣುತ್ತದೆ. ಯಾವ ಭಾಷೆಯನ್ನೂ ಘೋಷಿಸದಿದ್ದರೂ ಕಚೇರಿ ಯಾವುದೋ ಒಂದು ಭಾಷೆಯಲ್ಲಿ ನೋಟಿಸ್ ಬರೆಯಲೇಬೇಕು, ರಸೀದಿ ಕೊಡಲೇಬೇಕು. ಅಮೆರಿಕದಲ್ಲಿ 2025ರ ಮಾರ್ಚ್‌ವರೆಗೆ ಒಕ್ಕೂಟದ ಮಟ್ಟದಲ್ಲಿ ಘೋಷಿತ ಭಾಷೆ ಇರಲಿಲ್ಲ; ಆದರೂ ಕಾಯ್ದೆ, ಕೋರ್ಟು, ತೆರಿಗೆ ಎಲ್ಲ ನಡೆದದ್ದು ಇಂಗ್ಲಿಷಿನಲ್ಲೇ. ಘೋಷಣೆ ಇಲ್ಲದ ಕಡೆ ಕುರ್ಚಿಯಲ್ಲಿ ಕೂತವರ ಭಾಷೆ ತಾನಾಗಿ ಆಡಳಿತ ಭಾಷೆಯಾಗುತ್ತದೆ. ಹಾಗಾಗಿ ಘೋಷಣೆ ಬೇಕು, ಒಂದಕ್ಕಿಂತ ಹೆಚ್ಚು ಭಾಷೆಗಳಿಗೆ ಬೇಕು. ಯಾವ ಕಾಗದ ಯಾವ ಭಾಷೆಯಲ್ಲಿ ಸಿಗಬೇಕು, ಸಿಗದಿದ್ದರೆ ಏನು ಎಂಬುದೂ ಆ ಘೋಷಣೆಯಲ್ಲೇ ಇರಬೇಕು. ನಮ್ಮಲ್ಲಿ ಎಡವುತ್ತಿರುವುದು ಈ ಕೊನೆಯ ಮಾತಿನಲ್ಲಿ.

ಮೊದಲು ಕಾನೂನಿನ ಸ್ಥಿತಿ ನೋಡೋಣ. ಭಾರತಕ್ಕೆ ಸಂವಿಧಾನ ರಾಷ್ಟ್ರಭಾಷೆಯನ್ನು ಗೊತ್ತುಮಾಡಿಲ್ಲ. 343ನೇ ವಿಧಿ ಹೇಳುವುದು ಕೇಂದ್ರದ ಆಡಳಿತ ಭಾಷೆಯ ವಿಷಯ: ದೇವನಾಗರಿ ಲಿಪಿಯ ಹಿಂದಿ, ಜೊತೆಗೆ 15 ವರ್ಷ ಇಂಗ್ಲಿಷ್. ಆ ಗಡುವು 1965ರ ಜನವರಿ 26ಕ್ಕೆ ಮುಗಿಯುವುದಿತ್ತು. ಅದಕ್ಕೂ ಮೊದಲೇ 1963ರ ಆಡಳಿತ ಭಾಷೆಗಳ ಕಾಯ್ದೆ ಇಂಗ್ಲಿಷ್ ಮುಂದುವರಿಯಲು ದಾರಿ ಮಾಡಿತು. ಮದ್ರಾಸ್ ರಾಜ್ಯದ ಹಿಂದಿ ವಿರೋಧಿ ಚಳವಳಿಯ ನಂತರ, 1967ರ ತಿದ್ದುಪಡಿ ಇನ್ನೊಂದು ಬೀಗ ಹಾಕಿತು: ಹಿಂದಿಯನ್ನು ಆಡಳಿತ ಭಾಷೆಯಾಗಿ ಒಪ್ಪಿಕೊಳ್ಳದ ಎಲ್ಲ ರಾಜ್ಯಗಳ ಶಾಸನಸಭೆಗಳೂ ನಿರ್ಣಯ ಮಾಡಿ, ಆಮೇಲೆ ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ಇಂಗ್ಲಿಷನ್ನು ಕೈಬಿಡುವಂತಿಲ್ಲ. ರಾಜ್ಯಗಳ ಮಾತು 345ನೇ ವಿಧಿಯಲ್ಲಿದೆ. ರಾಜ್ಯದಲ್ಲಿ ಬಳಕೆಯಲ್ಲಿರುವ ಒಂದು ಅಥವಾ ಹೆಚ್ಚು ಭಾಷೆಗಳನ್ನು ಶಾಸನಸಭೆ ಆಯ್ದುಕೊಳ್ಳಬಹುದು. ನಮ್ಮಲ್ಲಿ ಕನ್ನಡ 1963ರ ಕಾಯ್ದೆಯಿಂದ ಆಡಳಿತ ಭಾಷೆಯಾಯಿತು.

ತುಳುವಿನ ವಿಷಯ ಬಂದಾಗಲೆಲ್ಲ ‘ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಲಿ, ಆಮೇಲೆ ನೋಡೋಣ’ ಎನ್ನುವವರಿದ್ದಾರೆ. 345ನೇ ವಿಧಿಯಲ್ಲಿ ಅಂಥ ಷರತ್ತೇ ಇಲ್ಲ. ತ್ರಿಪುರಾದ ಕೊಕ್‌ಬೊರೊಕ್, ಮಿಜೋರಾಂನ ಮಿಜೊ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಇಲ್ಲ. ಆದರೂ ತಮ್ಮ ರಾಜ್ಯಗಳಲ್ಲಿ ಆಡಳಿತ ಭಾಷೆಗಳೇ. ಮೇಘಾಲಯದಲ್ಲಿ ಖಾಸಿ, ಗಾರೊ ಭಾಷೆಗಳಿಗೆ ಸಹ ಆಡಳಿತ ಭಾಷೆಯ ಸ್ಥಾನವಿದೆ. ತುಳುವನ್ನೋ ಕೊಡವವನ್ನೋ ಹೆಚ್ಚುವರಿ ಭಾಷೆಯಾಗಿ ಒಪ್ಪುವುದು ಪೂರ್ತಿ ವಿಧಾನಸಭೆಯ ಕೈಯಲ್ಲಿರುವ ಕೆಲಸ.

ಈಗ ಒಂದು ಸಾಮಾನ್ಯ ಪತ್ರವನ್ನು ತೆಗೆದುಕೊಳ್ಳಿ. ಕೊಪ್ಪಳದ ಒಬ್ಬ ಪಿಂಚಣಿದಾರರು ಕೇಂದ್ರ ಸರ್ಕಾರದ ಕಚೇರಿಗೆ ಕನ್ನಡದಲ್ಲಿ ಅಹವಾಲು ಬರೆಯುತ್ತಾರೆ ಎಂದಿಟ್ಟುಕೊಳ್ಳೋಣ. 350ನೇ ವಿಧಿಯ ಪ್ರಕಾರ ಅದು ಅವರ ಹಕ್ಕು. ಕನ್ನಡದಲ್ಲಿದೆ ಎಂಬ ಕಾರಣಕ್ಕೆ ಕಚೇರಿ ಅದನ್ನು ವಾಪಸ್ ಕಳಿಸುವಂತಿಲ್ಲ. ಉತ್ತರ ಯಾವ ಭಾಷೆಯಲ್ಲಿ ಬರಬೇಕು? ಆ ವಿಧಿ ಅದನ್ನು ಹೇಳುವುದೇ ಇಲ್ಲ. 1976ರ ಆಡಳಿತ ಭಾಷಾ ನಿಯಮಗಳು ದೇಶವನ್ನು ಮೂರು ವಲಯಗಳಾಗಿ ವಿಂಗಡಿಸಿವೆ. ಕರ್ನಾಟಕ ಮೂರನೆಯದಾದ ‘ಸಿ’ ವಲಯದಲ್ಲಿದೆ. 3ನೇ ನಿಯಮದಂತೆ ಈ ವಲಯದ ರಾಜ್ಯಗಳಿಗೆ, ವ್ಯಕ್ತಿಗಳಿಗೆ ಕೇಂದ್ರದ ಕಚೇರಿಗಳು ಇಂಗ್ಲಿಷಿನಲ್ಲಿ ಬರೆಯಬೇಕು. 5ನೇ ನಿಯಮದಂತೆ ಹಿಂದಿಯಲ್ಲಿ ಬಂದ ಪತ್ರಕ್ಕೆ ಹಿಂದಿಯಲ್ಲೇ ಉತ್ತರಿಸಬೇಕು. ಕನ್ನಡದಲ್ಲಿ ಬರೆದವರಿಗೆ ಇಂಥ ಒಂದು ನಿಯಮವೂ ಇಲ್ಲ. ಬರೀ ಹಿಂದಿಯಲ್ಲಿ ಬಂದ ನೋಟಿಸನ್ನು ಕರ್ನಾಟಕದವರು 3ನೇ ನಿಯಮ ಉಲ್ಲೇಖಿಸಿ ಪ್ರಶ್ನಿಸಬಹುದು, ಪ್ರಶ್ನಿಸಬೇಕು. ಆದರೆ ಅದರಿಂದ ಸಿಗುವುದು ಇಂಗ್ಲಿಷ್ ಪ್ರತಿ, ಕನ್ನಡದ್ದಲ್ಲ.

ಈ ಕೊರತೆ ತುಂಬಲು ಸಂವಿಧಾನ ತಿದ್ದಬೇಕಿಲ್ಲ, ಒಂದು ವಾಕ್ಯ ಸಾಕು. ಅದು ಪಕ್ಕದ ರಾಜ್ಯದಲ್ಲೇ ಇದೆ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಗೆ ಆಮೇಲೆ ಸೇರಿಸಿದ ಅವಕಾಶದ ಪ್ರಕಾರ, ಅಲ್ಲಿನ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸಚಿವಾಲಯಕ್ಕೆ, ಇಲಾಖಾ ಮುಖ್ಯಸ್ಥರಿಗೆ, ತಾವು ಹೆಚ್ಚಾಗಿರುವ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ತಮ್ಮ ಭಾಷೆಯಲ್ಲಿ ಬರೆಯಬಹುದು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕಾಸರಗೋಡಿನ ಕನ್ನಡಿಗರು ಇವತ್ತಿಗೂ ಅದರ ಜಾರಿಗಾಗಿ ಹೋರಾಡುತ್ತಿದ್ದಾರೆ, ನಿಜ. ಹಾಗೆ ಹೋರಾಡುವಾಗ ತೋರಿಸಲು ಕಾಯ್ದೆಯ ಸಾಲೊಂದು ಅವರ ಕೈಯಲ್ಲಿದೆ. ಆ ಸಾಲು ಕೇಂದ್ರದ ನಿಯಮಗಳಲ್ಲೂ ಬರಬೇಕು, ನಮ್ಮ ರಾಜ್ಯದ ಕಾಯ್ದೆಯಲ್ಲೂ ಬರಬೇಕು. ಬೆಳಗಾವಿಯ ಮರಾಠಿಯವರಿಗೆ ಒಂದು ಅಳತೆ, ಕಾಸರಗೋಡಿನ ಕನ್ನಡಿಗರಿಗೆ ಇನ್ನೊಂದು ಅಳತೆ ಎಂದು ಕೇಳುವ ವಾದ ಯಾವ ಕಟಕಟೆಯಲ್ಲೂ ನಿಲ್ಲುವುದಿಲ್ಲ.

ಭಾಷಾ ಅಲ್ಪಸಂಖ್ಯಾತರ ವಿಷಯದಲ್ಲಿ ಅಳತೆಗಳು ಆಗಲೇ ಇವೆ. ರಾಜ್ಯಗಳ ಪುನರ್ವಿಂಗಡಣೆಯ ಹೊತ್ತಿನಲ್ಲಿ, 1956ರಲ್ಲಿ, ಕೇಂದ್ರ ಗೃಹ ಸಚಿವಾಲಯ ರಾಜ್ಯಗಳ ಮುಂದಿಟ್ಟ ಜ್ಞಾಪನದ ಪ್ರಕಾರ ಒಂದು ಪ್ರದೇಶದಲ್ಲಿ ಶೇ 15ರಿಂದ 20ರಷ್ಟು ಜನ ಬೇರೆ ಭಾಷೆಯವರಿದ್ದರೆ ಮುಖ್ಯ ನೋಟಿಸು, ನಿಯಮಗಳನ್ನು ಆ ಭಾಷೆಯಲ್ಲೂ ಪ್ರಕಟಿಸುವುದು ಒಳ್ಳೆಯದು. ಪ್ರಾಥಮಿಕ ಶಾಲೆಯಲ್ಲಿ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಮಾಡಬೇಕು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು ಶೇ 66. ಉಳಿದ ಮೂರನೇ ಒಂದು ಭಾಗದ ಜನ ರಾಜ್ಯದ ತುಂಬ ಸಮನಾಗಿ ಹರಡಿಲ್ಲ. ಕೆಲವು ತಾಲ್ಲೂಕುಗಳಲ್ಲಿ ಒತ್ತೊತ್ತಾಗಿದ್ದಾರೆ. ಅದಕ್ಕೇ ಲೆಕ್ಕ ಹಾಕಬೇಕಾದ ಘಟಕ ತಾಲ್ಲೂಕು, ರಾಜ್ಯವಲ್ಲ. ಹಳೆಯ ದಾಖಲೆಗಳ ಮಾತು ಇನ್ನೊಂದು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ಬೀದರ್ ಕಡೆಯ ಭೂ ದಾಖಲೆಗಳು ಉರ್ದುವಿನಲ್ಲಿವೆ, ಮುಂಬೈ ಪ್ರಾಂತ್ಯದಿಂದ ಬಂದ ಕಡೆಗಳಲ್ಲಿ ಮರಾಠಿ ಬರೆಯಲು ಹಿಂದೆ ಬಳಸುತ್ತಿದ್ದ ಮೋಡಿ ಲಿಪಿಯ ಕಾಗದಗಳಿವೆ. ಅವನ್ನು ಓದಬಲ್ಲವರನ್ನು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನೇಮಿಸುವುದೂ ಆಡಳಿತ ಭಾಷೆಯ ಕೆಲಸವೇ.

ಎಲ್ಲಕ್ಕಿಂತ ಆಳದಲ್ಲಿರುವ ತೊಡಕು ಅಧಿಕೃತ ಪಠ್ಯದ್ದು. ವಿಧಾನಸಭೆಯಲ್ಲಿ ಮಸೂದೆ ಕನ್ನಡದಲ್ಲಿ ಮಂಡನೆಯಾಗಿ ಕನ್ನಡದಲ್ಲೇ ಪಾಸಾದರೂ, 348ನೇ ವಿಧಿಯ 3ನೇ ಉಪವಿಧಿಯಂತೆ ರಾಜ್ಯಪತ್ರದಲ್ಲಿ ಬರುವ ಇಂಗ್ಲಿಷ್ ಅನುವಾದವನ್ನೇ ಅಧಿಕೃತ ಪಠ್ಯವೆಂದು ಪರಿಗಣಿಸಬೇಕು. ಎರಡಕ್ಕೂ ವ್ಯತ್ಯಾಸ ಬಂದರೆ ಗೆಲ್ಲುವುದು ಇಂಗ್ಲಿಷ್. ಬಿಹಾರದ ನಿತ್ಯಾನಂದ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಮಾನಿಸಿದ್ದು ಇದನ್ನೇ. ಪರಿಶಿಷ್ಟ ಪಂಗಡಗಳ ಪಟ್ಟಿಯ ಇಂಗ್ಲಿಷ್ ಪಠ್ಯದಲ್ಲಿ ‘ಲೋಹಾರಾ’ ಎಂದಿತ್ತು, ಹಿಂದಿ ಪಠ್ಯದಲ್ಲಿ ‘ಲೋಹಾರ್’ ಎಂದಾಗಿತ್ತು. ಅವು ಎರಡು ಬೇರೆ ಸಮುದಾಯಗಳು. ಹಿಂದಿ ಪಠ್ಯವನ್ನು ನಂಬಿ ಮೀಸಲಾತಿ ಕೇಳಿದವರ ವಾದ ನಿಲ್ಲಲಿಲ್ಲ. ಹಿಂದಿಗೇ ಹೀಗಾದರೆ ಕನ್ನಡದ ಪಠ್ಯ ನೆಚ್ಚಿಕೊಂಡು ವಾದ ಹೂಡುವ ವಕೀಲರ ಗತಿ ಊಹಿಸಬಹುದು. ಹಾಗಾಗಿ ಅವರು ಕನ್ನಡ ಪ್ರತಿಯನ್ನು ಮುಟ್ಟುವುದೇ ಇಲ್ಲ. ಯಾರೂ ಮುಟ್ಟದ ಪ್ರತಿಯ ಗುಣಮಟ್ಟದ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಂಗ್ಲಿಷ್ ಕರಡು ಅಂತಿಮವಾದ ಮೇಲೆ ಅವಸರದಲ್ಲಿ ಮಾಡಿದ ಅನುವಾದದಲ್ಲಿ ವಾಕ್ಯಗಳು ಅರ್ಧ ಪುಟದುದ್ದ ಬೆಳೆದು, ಕರ್ತೃ ಯಾರು ಕ್ರಿಯೆ ಯಾವುದು ತಿಳಿಯದಂತಾಗುತ್ತವೆ.

ಕೆನಡಾ ಇದಕ್ಕೆ 1978ರಿಂದ ಬೇರೆ ದಾರಿ ಹಿಡಿದಿದೆ. ಅಲ್ಲಿನ ಒಕ್ಕೂಟ ಸರ್ಕಾರದ ಮಸೂದೆಗಳನ್ನು ಇಂಗ್ಲಿಷಿನ ಒಬ್ಬರು, ಫ್ರೆಂಚಿನ ಒಬ್ಬರು ಜೊತೆಗೇ ಕೂತು ಬರೆಯುತ್ತಾರೆ. ಎರಡೂ ಪಠ್ಯಗಳಿಗೆ ಸಮಾನ ಅಧಿಕಾರ. ಒಂದರಲ್ಲಿ ಮಾತು ಗೊಂದಲವಾಗಿದ್ದರೆ ಕೋರ್ಟು ಇನ್ನೊಂದನ್ನು ನೋಡಿ, ಎರಡಕ್ಕೂ ಒಪ್ಪುವ ಅರ್ಥ ಹುಡುಕುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ ಜರ್ಮನ್, ಫ್ರೆಂಚ್, ಇಟಾಲಿಯನ್ ಮೂರು ಪಠ್ಯಗಳಿಗೂ ಸಮಾನ ಬೆಲೆ. ನಮ್ಮಲ್ಲಿ ಪೂರ್ತಿ ಸಮಾನತೆಗೆ ಸಂವಿಧಾನದ ತಿದ್ದುಪಡಿ ಬೇಕು, ಜೊತೆಗೆ ಕೂತು ಬರೆಯುವುದಕ್ಕೆ ಯಾವ ತಿದ್ದುಪಡಿಯೂ ಬೇಡ. ಕನ್ನಡದ ವಾಕ್ಯ ಕಟ್ಟಲಾಗದ ಕಡೆ ಇಂಗ್ಲಿಷಿನ ಷರತ್ತೇ ಸಿಕ್ಕಾಗಿದೆ ಎಂಬುದು ಬಹಳ ಸಲ ಆಗ ಗೊತ್ತಾಗುತ್ತದೆ. ಅದರಿಂದ ಇಂಗ್ಲಿಷ್ ಪಠ್ಯವೂ ಸುಧಾರಿಸುತ್ತದೆ.

ನ್ಯಾಯಾಲಯಗಳಲ್ಲಿ ಭಾಷೆಯ ಗೆರೆ ಬೀಳುವುದು ಜಿಲ್ಲಾ ಕೋರ್ಟಿನ ಮೇಲೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 137ನೇ ಸೆಕ್ಷನ್ ಪ್ರಕಾರ ಅಧೀನ ನ್ಯಾಯಾಲಯಗಳ ಭಾಷೆಯನ್ನು ರಾಜ್ಯ ಸರ್ಕಾರ ಗೊತ್ತುಮಾಡಬಹುದು. ಹೈಕೋರ್ಟಿಗೆ ಇಂಗ್ಲಿಷ್, ಬೇರೆ ಭಾಷೆ ಬೇಕಿದ್ದರೆ ರಾಜ್ಯಪಾಲರ ಆದೇಶ, ಅದಕ್ಕೆ ರಾಷ್ಟ್ರಪತಿಗಳ ಮುಂಚಿತ ಒಪ್ಪಿಗೆ. ರಾಜಸ್ಥಾನ, ಉತ್ತರ ಪ್ರದೇಶ, ಮಧ್ಯಪ್ರದೇಶ, ಬಿಹಾರಗಳಿಗೆ ಹಿಂದಿಯ ವಿಷಯದಲ್ಲಿ ಈ ಅವಕಾಶ ಸಿಕ್ಕಿದೆ. ತಮಿಳು, ಬಂಗಾಳಿ, ಗುಜರಾತಿ, ಕನ್ನಡದ ಪ್ರಸ್ತಾವಗಳನ್ನು ಸುಪ್ರೀಂ ಕೋರ್ಟಿನ ಪೂರ್ಣ ನ್ಯಾಯಾಲಯ ಸಭೆ 2012ರಲ್ಲಿ ಒಪ್ಪಲಿಲ್ಲ. ನ್ಯಾಯಮೂರ್ತಿಗಳು ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುತ್ತಾರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ಕಾರಣಕ್ಕೆ ಅನುವಾದದ ಖರ್ಚು ಕಕ್ಷಿದಾರರ ತಲೆಗೆ ಬೀಳಬೇಕಿಲ್ಲ. ಕ್ರಯಪತ್ರ, ಪಹಣಿ, ಸಾಕ್ಷಿ ಹೇಳಿಕೆ ಎಲ್ಲ ಕನ್ನಡದಲ್ಲಿರುವ ಒಂದು ಆಸ್ತಿ ವಿವಾದ ಮೇಲ್ಮನವಿಗೆ ಹೋದರೆ ನೂರಾರು ಪುಟ ಇಂಗ್ಲಿಷಿಗೆ ಬರಬೇಕು. ಕೋರ್ಟಿಗೆ ಇಂಗ್ಲಿಷ್ ಬೇಕೆಂದರೆ ಅನುವಾದದ ವೆಚ್ಚವನ್ನು ಕೋರ್ಟಿನ ರಿಜಿಸ್ಟ್ರಿ ಹೊರುವುದೇ ನ್ಯಾಯ.

ಶ್ರೀಲಂಕಾದಲ್ಲಿ ಹೊರೆ ಪೂರ್ತಿ ಜನರ ಮೇಲೆ ಬಿತ್ತು. 1956ರ ಕಾಯ್ದೆ ಸಿಂಹಳ ಒಂದನ್ನೇ ಆಡಳಿತ ಭಾಷೆ ಮಾಡಿತು. ಸಿಂಹಳ ಪರೀಕ್ಷೆ ಮುಗಿಸದ ತಮಿಳು ಸರ್ಕಾರಿ ನೌಕರರ ವೇತನ ಬಡ್ತಿ ನಿಂತಿತು. 1987ರಲ್ಲಿ, ಅಂತರ್ಯುದ್ಧ ಹೊತ್ತಿಕೊಂಡ ಮೇಲೆ, 13ನೇ ತಿದ್ದುಪಡಿ ತಮಿಳನ್ನೂ ಆಡಳಿತ ಭಾಷೆ ಎಂದಿತು. ನೌಕರರಿಗೆ ಭಾಷಾ ಪರೀಕ್ಷೆ ಇಡುವುದೇ ತಪ್ಪು ಎಂದು ಇದರ ಅರ್ಥವಲ್ಲ. ಕೌಂಟರಿನ ಆಚೆ ನಿಂತವರ ಭಾಷೆ ಈಚೆ ಕೂತವರಿಗೆ ಬರಲೇಬೇಕು. ಚಿಕ್ಕೋಡಿಯ ಬ್ಯಾಂಕ್ ಶಾಖೆಗೂ ಇದೇ ಮಾತು, ಬೆಂಗಳೂರಿನ ಅಂಚೆ ಕಚೇರಿಗೂ ಇದೇ ಮಾತು. ತಮಿಳರಿಗೇ ಸೇವೆ ಕೊಡುವ ತಮಿಳು ಗುಮಾಸ್ತರಿಗೆ ಸಿಂಹಳದ ಪರೀಕ್ಷೆ ಇಟ್ಟದ್ದು ಯಾರ ಅನುಕೂಲಕ್ಕೂ ಅಲ್ಲ.

ಕಾಗದವೊಂದನ್ನು ಹಿಡಿದು ಯೋಚಿಸಿದಾಗ ಸರ್ಕಾರಗಳು ಸರಿಯಾದ ನಿಯಮ ಬರೆದದ್ದೂ ಇದೆ. ಕೀಟನಾಶಕದ ಪೊಟ್ಟಣ ನೋಡಿ. ಚೌಕದ ಕೆಳ ಅರ್ಧದಲ್ಲಿರುವ ತ್ರಿಕೋನದ ಬಣ್ಣ ವಿಷದ ತೀವ್ರತೆ ಹೇಳುತ್ತದೆ: ಕೆಂಪು ಅತಿ ಹೆಚ್ಚು, ಆಮೇಲೆ ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ಅದು ತಿಳಿಯುತ್ತದೆ. 1971ರ ಕೀಟನಾಶಕ ನಿಯಮಗಳಂತೆ ಲೇಬಲ್ಲು, ಒಳಗಿನ ಕರಪತ್ರ ಹಿಂದಿ, ಇಂಗ್ಲಿಷಿನ ಜೊತೆ ಮಾರಾಟವಾಗುವ ಪ್ರದೇಶದ ಒಂದೆರಡು ಭಾಷೆಗಳಲ್ಲೂ ಇರಬೇಕು. ಅದೇ ಅಂಗಡಿಯ ಆಹಾರದ ಪೊಟ್ಟಣಕ್ಕೆ ಇಂಗ್ಲಿಷ್ ಅಥವಾ ಹಿಂದಿ ಸಾಕು. ಕನ್ನಡ ಕಂಪನಿಯ ಇಷ್ಟ. ಕಡಲೆಕಾಯಿ ಒಗ್ಗದ ಮಗುವಿನ ತಾಯಿಗೆ ಅಲರ್ಜಿಯ ಸಾಲು ಓದಲಾಗದಿದ್ದರೆ ಅಪಾಯ ಕಡಿಮೆಯೇನಲ್ಲ. ಬ್ಯಾಂಕುಗಳ ವಿಷಯದಲ್ಲೂ ರಿಸರ್ವ್ ಬ್ಯಾಂಕಿನ ಸೂಚನೆ ಸ್ಪಷ್ಟವಾಗಿದೆ: ಖಾತೆ ತೆರೆಯುವ ಅರ್ಜಿ, ಚಲನ್, ಪಾಸ್‌ಬುಕ್ ಮೂರು ಭಾಷೆಗಳಲ್ಲಿರಬೇಕು, ಚೆಕ್ಕನ್ನು ಕನ್ನಡದಲ್ಲಿ ಬರೆಯಬಹುದು. ಯೋಜನೆಗಳಿಗೆ ಪರಿಸರ ಅನುಮತಿ ಕೊಡುವಾಗ ಮಾತ್ರ ಅರ್ಧಕ್ಕೇ ನಿಂತಿದ್ದೇವೆ. 2006ರ ಅಧಿಸೂಚನೆಯಂತೆ ಪರಿಸರ ಪರಿಣಾಮ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗುತ್ತದೆ. ಊರಿನ ಬಾವಿ ನೀರಿನ ಪರೀಕ್ಷೆಯ ಕೋಷ್ಟಕಗಳು ಇಂಗ್ಲಿಷಿನ ಪೂರ್ಣ ವರದಿಯಲ್ಲಿ ಉಳಿಯುತ್ತವೆ, ಸಾರ್ವಜನಿಕ ವಿಚಾರಣೆಯಲ್ಲಿ ತಕರಾರು ಎತ್ತಬೇಕಾದ್ದೇ ಅವುಗಳ ಬಗ್ಗೆ. 2024ರ ತಿದ್ದುಪಡಿಯಿಂದ ನಾಮಫಲಕದ ಶೇ 60 ಭಾಗ ಕನ್ನಡದಲ್ಲಿರಬೇಕು ಎಂದಾಯಿತು, ಒಳ್ಳೆಯದೇ. ಅಷ್ಟೇ ಹಟ ಈ ಕೋಷ್ಟಕಗಳ ಬಗ್ಗೆಯೂ ಬರಬೇಕು.

ಇಲಾಖೆಯೊಂದು ಭಾಷಾ ನಿಯಮ ಬರೆಯಲು ಕೂತರೆ ತನ್ನ ನಮೂನೆಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಒಂದೊಂದಕ್ಕೂ ಇಷ್ಟು ಬರೆಯಬೇಕು: ಓದುವವರು ಯಾರು, ಎರಡು ಪ್ರತಿಯಿದ್ದರೆ ಯಾವುದು ಅಂತಿಮ, ಅನುವಾದ ಎಷ್ಟು ದಿನದಲ್ಲಿ ಸಿಗಬೇಕು, ಖರ್ಚು ಯಾರದು. ‘ಆದಷ್ಟು ಮಟ್ಟಿಗೆ’, ‘ಸಾಧ್ಯವಾದಲ್ಲಿ’ ಎಂಬ ಪದಗಳು ಕರಡಿನಲ್ಲಿ ಕಂಡರೆ ಹೊಡೆದುಹಾಕಬೇಕು. ನಿಯಮ ಸೋರುವುದು ಅಲ್ಲೇ. ತಂತ್ರಾಂಶದಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬಿಟ್ಟು ಬೇರೆ ಬಳಸಬಾರದು. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಆದೇಶ, ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಗೋಜಲಾಗಿ ತೆರೆದುಕೊಳ್ಳುತ್ತದೆ, ಹುಡುಕಿದರೆ ಸಿಗುವುದಿಲ್ಲ. ಹೆಸರನ್ನು ಕನ್ನಡದಲ್ಲೇ ನಮೂದಿಸಿಕೊಳ್ಳಬೇಕು. ಇಂಗ್ಲಿಷಿನಿಂದ ಯಂತ್ರ ತಿರುಗಿಸಿದ ಹೆಸರು ಪಹಣಿಯ ಹೆಸರಿಗೆ ಹೊಂದದೆ ಪರಿಹಾರದ ಹಣ ತಡೆಯಾಗುತ್ತದೆ, ರೈತರು ಅಫಿಡವಿಟ್ಟಿಗಾಗಿ ಅಲೆಯಬೇಕಾಗುತ್ತದೆ.

ಇದೆಲ್ಲಕ್ಕೂ ಬಲ ಕೊಡುವ ಕಲಮು ಇನ್ನೊಂದು ಬೇಕು. ಅದರ ಬೇರು ಸುಪ್ರೀಂ ಕೋರ್ಟಿನ 1962ರ ಹರಿಕಿಶನ್ ಪ್ರಕರಣದಲ್ಲಿದೆ. ಮುಂಜಾಗ್ರತಾ ಬಂಧನಕ್ಕೆ ಒಳಗಾದ ಆತ ಬಂಧನದ ಕಾರಣಗಳನ್ನು ಹಿಂದಿಯಲ್ಲಿ ಕೇಳಿದರು. ಆಡಳಿತ ಭಾಷೆ ಇಂಗ್ಲಿಷ್ ಎಂದು ಅಧಿಕಾರಿಗಳು ಕೊಡಲಿಲ್ಲ. ಆತನಿಗೆ ಅರ್ಥವಾಗದ ಭಾಷೆಯಲ್ಲಿ ಕಾಗದ ಕೊಟ್ಟರೆ ತಿಳಿಸಿದಂತಾಗುವುದಿಲ್ಲ ಎಂದು ಕೋರ್ಟು ಬಂಧನವನ್ನೇ ರದ್ದು ಮಾಡಿತು. ತೆರಿಗೆ ನೋಟಿಸು, ಭೂಸ್ವಾಧೀನದ ಅಧಿಸೂಚನೆ, ಸಾಲ ವಸೂಲಿಯ ಪತ್ರಗಳಿಗೂ ಇದೇ ತತ್ವ ಹೊಂದುವಂತೆ ಕಾಯ್ದೆಯಲ್ಲಿ ಒಂದು ಸಾಲು ಸೇರಿಸಬೇಕು: ಜನರಾಡುವ ಭಾಷೆಯ ಪ್ರತಿ ಕೈಸೇರಿದ ದಿನದಿಂದ ಮಾತ್ರ ಆಕ್ಷೇಪಣೆಯ ಗಡುವು ಎಣಿಕೆಗೆ ಬರುತ್ತದೆ. ಆಗ ಅನುವಾದ ತಡವಾದರೆ ನಷ್ಟ ಕಚೇರಿಯದ್ದು, ಮತ್ತು ಅನುವಾದಕರ ಖಾಲಿ ಹುದ್ದೆಗಳನ್ನು ತುಂಬಲು ಇಲಾಖೆಗಳೇ ಹಣಕಾಸು ಇಲಾಖೆಗೆ ಬರೆಯುತ್ತವೆ.