ಗುಳೆ ಹೋದವರ ಲೆಕ್ಕ ಯಾವ ಜಿಲ್ಲೆಗೆ?

ತೊಗರಿಯ ರಾಶಿ ಮುಗಿದ ಮೇಲೆ ಯಾದಗಿರಿ ಜಿಲ್ಲೆಯ ಮಳೆಯಾಶ್ರಿತ ಹಳ್ಳಿಗಳಿಗೋ ತಾಂಡಾಗಳಿಗೋ ಹೋದರೆ ಸಾಲು ಸಾಲು ಮನೆಗಳಿಗೆ ಬೀಗ ಬಿದ್ದಿರುತ್ತದೆ. ತೆರೆದಿರುವ ಮನೆಗಳಲ್ಲಿ ವಯಸ್ಸಾದವರೂ ಅವರ ಬಳಿ ಬಿಟ್ಟುಹೋದ ಮಕ್ಕಳೂ ಕಾಣುತ್ತಾರೆ. ಉಳಿದವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ, ಪುಣೆ, ಮುಂಬೈ, ಹೈದರಾಬಾದ್‌ಗಳಿಗೆ ಗುಳೆ ಹೋಗಿರುತ್ತಾರೆ. ರೋಹಿಣಿ ಮಳೆಯ ಹೊತ್ತಿಗೆ ಬಿತ್ತನೆಗೆಂದು ಹಲವರು ಮರಳುತ್ತಾರೆ. ಜಿಲ್ಲಾ ಯೋಜನೆಗಳಿಗೆ ಜನಸಂಖ್ಯೆಯ ಕೋಷ್ಟಕಗಳನ್ನು ಸಿದ್ಧಪಡಿಸುವ ಕೆಲಸದಲ್ಲಿರುವ ನನಗೆ, ಪ್ರಾದೇಶಿಕ ಅಸಮತೋಲನದ ಚರ್ಚೆ ಈ ಬೀಗ ಬಿದ್ದ ಮನೆಗಳಿಂದಲೇ ಆರಂಭವಾಗಬೇಕು ಎಂಬ ಅಭಿಪ್ರಾಯ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿದೆ.

2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ರಾಜ್ಯದ ಭೂಪ್ರದೇಶದಲ್ಲಿ ಶೇ 1ಕ್ಕಿಂತ ತುಸುವೇ ಹೆಚ್ಚಿರುವ ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ ಜನ, ಅಂದರೆ ರಾಜ್ಯದ ನೂರರಲ್ಲಿ ಸುಮಾರು 16 ಮಂದಿ, ನೆಲೆಸಿದ್ದರು. 2001ರಿಂದ 2011ರ ನಡುವೆ ಆ ಜಿಲ್ಲೆಯ ಜನಸಂಖ್ಯೆ ಶೇ 47ರಷ್ಟು ಬೆಳೆದರೆ, ಯಾದಗಿರಿಯದು ಶೇ 22ಕ್ಕೂ ಹೆಚ್ಚು ಬೆಳೆಯಿತು. ಕೊಡಗಿನ ಬೆಳವಣಿಗೆ ಶೇ 1ರ ಆಸುಪಾಸಿನಲ್ಲಿ ನಿಂತಿತು. ಚಿಕ್ಕಮಗಳೂರಿನ ಜನಸಂಖ್ಯೆಯಂತೂ ಕಡಿಮೆಯೇ ಆಯಿತು. ಈ ಅಂಕಿಗಳನ್ನು ಒಂದೇ ಅರ್ಥದಲ್ಲಿ ಓದುವಂತಿಲ್ಲ. ಬೆಂಗಳೂರು ಬೆಳೆದದ್ದು ಮುಖ್ಯವಾಗಿ ಹೊರಗಿನಿಂದ ಬಂದವರಿಂದ; ಯಾದಗಿರಿ ಬೆಳೆದದ್ದು, ಜನ ಹೊರಗೆ ಹೋಗುತ್ತಿದ್ದರೂ, ಅಲ್ಲಿಯೇ ಹುಟ್ಟಿದವರಿಂದ. ಮಲೆನಾಡಿನಲ್ಲಿ ಹುಟ್ಟುವವರೂ ಕಡಿಮೆ, ಓದಿದ ಮೇಲೆ ಊರಲ್ಲಿ ಉಳಿಯುವವರೂ ಕಡಿಮೆ.

ಹುಟ್ಟಿನ ಈ ಅಂತರಕ್ಕೆ ಕಾರಣ ಹುಡುಕುವವರು ಮೊದಲು ಹೆಣ್ಣುಮಕ್ಕಳ ಓದನ್ನು ನೋಡಬೇಕು. 2011ರಲ್ಲಿ ದಕ್ಷಿಣ ಕನ್ನಡದ ಮಹಿಳೆಯರಲ್ಲಿ ಶೇ 84 ಮಂದಿ ಅಕ್ಷರಸ್ಥರಾಗಿದ್ದರೆ ಯಾದಗಿರಿಯಲ್ಲಿ ಶೇ 41 ಮಂದಿ ಮಾತ್ರ. ಶಾಲೆ ಬಿಟ್ಟ ಹುಡುಗಿಗೆ ಬೇಗ ಮದುವೆಯಾಗುತ್ತದೆ, ಬೇಗ ಮಕ್ಕಳಾಗುತ್ತವೆ, ತಲೆಮಾರುಗಳ ನಡುವಿನ ಅಂತರವೂ ಕುಗ್ಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಒಟ್ಟು ಫಲವತ್ತತೆ ದರ, ಅಂದರೆ ಒಬ್ಬ ಮಹಿಳೆಗೆ ಹುಟ್ಟುವ ಮಕ್ಕಳ ಸರಾಸರಿ ಸಂಖ್ಯೆ, 1.7ಕ್ಕೆ ಇಳಿದಿದೆ. ಅದೇ ಸಮೀಕ್ಷೆಯಲ್ಲಿ 20ರಿಂದ 24 ವಯಸ್ಸಿನ ಮಹಿಳೆಯರ ಪೈಕಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂಬುದೂ ಇದೆ. ಮೊದಲನೆಯ ಅಂಕಿಯನ್ನು ಮಾತ್ರ ಎತ್ತಿ ಹೇಳಿ ಎರಡನೆಯದನ್ನು ಬಿಟ್ಟುಬಿಡುವುದು ನನ್ನ ವೃತ್ತಿಯವರಲ್ಲಿಯೇ ಇರುವ ಅಭ್ಯಾಸ, ಮತ್ತು ಅದು ತಪ್ಪು.

ಈ ಅಂತರ ನೆಲದ ಗುಣದಿಂದಷ್ಟೇ ಬಂದದ್ದಲ್ಲ. ಮೈಸೂರು ಸಂಸ್ಥಾನಕ್ಕೆ 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು, 1916ರಲ್ಲಿ ವಿಶ್ವವಿದ್ಯಾಲಯ ದಕ್ಕಿದವು. ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡದ ಜನ ತಾವೇ ಬ್ಯಾಂಕುಗಳನ್ನು ಕಟ್ಟಿಕೊಂಡರು. ನಿಜಾಮರ ಆಳ್ವಿಕೆಯಲ್ಲಿದ್ದ ಜಿಲ್ಲೆಗಳು 1956ರಲ್ಲಿ ಬಂದು ಸೇರಿದಾಗ ಶಾಲೆ, ಆಸ್ಪತ್ರೆ, ರಸ್ತೆ ಎಲ್ಲದರಲ್ಲಿಯೂ ಹಿಂದೆ ಇದ್ದವು. ಕಲಬುರಗಿಗೆ ಸ್ವತಂತ್ರ ವಿಶ್ವವಿದ್ಯಾಲಯ ಬಂದದ್ದು 1980ರಲ್ಲಿ. ಬೀದರ್ ಮತ್ತು ಕಲಬುರಗಿ ನಡುವೆ ನೇರ ರೈಲು ಓಡಿದ್ದು 2017ರಲ್ಲಿ.

ಆದರೂ ಜಿಲ್ಲೆಯ ಸರಾಸರಿಯನ್ನು ಹಿಡಿದು ಮಾತನಾಡುವುದರಲ್ಲಿ ಅಪಾಯವಿದೆ. ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಸಲ್ಲಿಸಿದ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಮಾಡಿದ ಬಹು ದೊಡ್ಡ ಉಪಕಾರವೆಂದರೆ ತಾಲ್ಲೂಕನ್ನು ಅಳತೆಯ ಘಟಕವಾಗಿ ತೆಗೆದುಕೊಂಡದ್ದು. 35 ಸೂಚಕಗಳನ್ನು ಆಧರಿಸಿ, ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಗುರುತಿಸಿತು. ಆ 39ರಲ್ಲಿ 21 ತಾಲ್ಲೂಕುಗಳು ಕಲಬುರಗಿ ವಿಭಾಗದವು. ಆದರೆ 13 ದಕ್ಷಿಣದವು. ಬೆಂಗಳೂರಿನ ಮಗ್ಗುಲಲ್ಲಿಯೇ ಇರುವ ಕನಕಪುರ ಮತ್ತು ಮಾಗಡಿಗಳೂ ಅವುಗಳಲ್ಲಿದ್ದವು. ಉತ್ತರ, ದಕ್ಷಿಣ ಎಂದು ಗೆರೆ ಎಳೆದು ವಾದಿಸುವವರು ಈ ಪಟ್ಟಿಯನ್ನು ಒಮ್ಮೆ ತಾಳ್ಮೆಯಿಂದ ಓದಬೇಕೆಂದು ನಾನು ಕೇಳಿಕೊಳ್ಳುತ್ತೇನೆ.

ತಲಾ ಆದಾಯದ ವಿಷಯ ಇದಕ್ಕಿಂತಲೂ ತೊಡಕಿನದು. ಜಿಲ್ಲೆಯ ಆದಾಯವನ್ನು ಉತ್ಪಾದನೆ ನಡೆದ ಸ್ಥಳಕ್ಕೆ ಲೆಕ್ಕ ಹಾಕಲಾಗುತ್ತದೆ. ಸುರಪುರದಿಂದ ಬಂದ ಗಾರೆ ಕೆಲಸದವರು ಬೆಂಗಳೂರಿನಲ್ಲಿ ಎಬ್ಬಿಸಿದ ಕಟ್ಟಡದ ಮೌಲ್ಯ ಬೆಂಗಳೂರಿನ ಲೆಕ್ಕಕ್ಕೆ ಸೇರುತ್ತದೆ. ಅವರು ಊರಿಗೆ ಕಳಿಸಿದ ಹಣ ಯಾದಗಿರಿಯ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದು ಹೀಗೆ ಒಂದೇ ಜಿಲ್ಲೆಯಲ್ಲಿ ಕೂಡಿಕೊಂಡು ಇಡೀ ರಾಜ್ಯದ ಸರಾಸರಿಯನ್ನು ಮೇಲಕ್ಕೆತ್ತುತ್ತದೆ. ಆ ಸರಾಸರಿ ದೆಹಲಿಗೆ ತಲುಪಿದಾಗ ಬೇರೆಯೇ ಪರಿಣಾಮ ಬೀರುತ್ತದೆ. 15ನೇ ಹಣಕಾಸು ಆಯೋಗ ಕೇಂದ್ರದ ತೆರಿಗೆಯನ್ನು ರಾಜ್ಯಗಳಿಗೆ ಹಂಚುವ ಸೂತ್ರದಲ್ಲಿ ಆದಾಯದ ಅಂತರಕ್ಕೆ, ಅಂದರೆ ತಲಾ ಆದಾಯ ಕಡಿಮೆಯಿರುವ ರಾಜ್ಯಕ್ಕೆ ಹೆಚ್ಚು ಪಾಲು ಕೊಡುವ ಮಾನದಂಡಕ್ಕೆ, ಶೇ 45ರಷ್ಟು ತೂಕ ನೀಡಿತು, 2011ರ ಜನಸಂಖ್ಯೆಯನ್ನು ಆಧಾರವಾಗಿ ಇಟ್ಟುಕೊಂಡಿತು. ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಕುಸಿಯಿತು. ಬಿಹಾರದಂತಹ ರಾಜ್ಯಕ್ಕೆ ಹೆಚ್ಚು ಕೊಡಬೇಕೆಂಬ ತತ್ವದಲ್ಲಿ ದೋಷವಿಲ್ಲ. 2019-21ರ ಸಮೀಕ್ಷೆಯಲ್ಲಿ ಅಲ್ಲಿನ ಫಲವತ್ತತೆ ದರ 3.0, ಅಲ್ಲಿನ ಮಕ್ಕಳಿಗೂ ಶಾಲೆ ಬೇಕು. ಆದರೆ ಬೆಂಗಳೂರಿನ ಸಂಪತ್ತಿನ ಕಾರಣಕ್ಕೆ ಕಡಿತವಾದ ಹಣದಲ್ಲಿ ರಾಯಚೂರು ಜಿಲ್ಲೆಯ ಹಿಂದುಳಿದ ತಾಲ್ಲೂಕು ದೇವದುರ್ಗದ ಪಾಲೂ ಸೇರಿದೆ ಎಂಬುದನ್ನು ರಾಜ್ಯದ ಸರಾಸರಿ ತೋರಿಸುವುದಿಲ್ಲ.

ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದ ಮೇಲೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ಮೀಸಲಾತಿಯೂ ಪ್ರತ್ಯೇಕ ಮಂಡಳಿಯೂ ದೊರೆತಿವೆ, ಮಂಡಳಿಗೆ 2023-24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಿಸಲಾಯಿತು. ಇದು ಅಗತ್ಯವಾಗಿದ್ದ ಕ್ರಮ. ಆದರೆ ಹಣ ಕಟ್ಟಡವಾಗುವಷ್ಟು ಸುಲಭವಾಗಿ ಶಿಕ್ಷಕರೋ ದಾದಿಯರೋ ಆಗುವುದಿಲ್ಲ. ಹುದ್ದೆ ಖಾಲಿ ಇರುವ ಆರೋಗ್ಯ ಕೇಂದ್ರಕ್ಕೆ ಇನ್ನೊಂದು ಕೊಠಡಿ ಸೇರಿಸಿದರೆ ಹೆರಿಗೆ ಸುರಕ್ಷಿತವಾಗುವುದಿಲ್ಲ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಉಲ್ಲೇಖ ದಿನವೆಂದು ನಿಗದಿಯಾಗಿದೆ. ಎಣಿಕೆ ನಡೆಯುವುದು ಫೆಬ್ರವರಿಯಲ್ಲಿ, ಅಂದರೆ ಗುಳೆಯ ಕಾಲದಲ್ಲಿಯೇ. 2011ರ ನಿಯಮದಂತೆ, ಎಣಿಕೆಯ ಅವಧಿಯಿಡೀ ಊರಿನಿಂದ ಹೊರಗಿದ್ದವರು ಸಿಕ್ಕ ಜಾಗದಲ್ಲಿ ಎಣಿಕೆಯಾಗುತ್ತಾರೆ. ಕಾಮಗಾರಿಯ ತಗಡಿನ ಶೆಡ್ಡಿಗೆ ಗಣತಿದಾರರು ಹೋಗದಿದ್ದರೆ ಅವರು ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ಕಲ್ಯಾಣ ಕರ್ನಾಟಕದ ಪ್ರತಿ ಗ್ರಾಮ ಪಂಚಾಯಿತಿಯೂ ಜನವರಿಯಲ್ಲಿಯೇ ಮನೆಮನೆಗೆ ಹೋಗಿ, ಯಾರು ಯಾವ ಊರಿನ ಯಾವ ಕೆಲಸಕ್ಕೆ ಹೋಗಿದ್ದಾರೆ, ಮಕ್ಕಳನ್ನು ಜೊತೆಗೆ ಕರೆದೊಯ್ದಿದ್ದಾರೆಯೇ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಬೆಂಗಳೂರಿನ ಗಣತಿ ಅಧಿಕಾರಿಗಳು ಎಣಿಕೆಗೆ ಮೊದಲು ಕಾಮಗಾರಿ ನಡೆಯುತ್ತಿರುವ ಸ್ಥಳಗಳ ಪಟ್ಟಿ ಮಾಡಿ, ಪ್ರತಿ ಶೆಡ್ಡನ್ನೂ ಯಾವುದಾದರೊಂದು ಎಣಿಕೆ ಬ್ಲಾಕಿಗೆ, ಅಂದರೆ ಒಬ್ಬ ಗಣತಿದಾರರಿಗೆ ವಹಿಸಿದ ಪ್ರದೇಶಕ್ಕೆ, ಸೇರಿಸಬೇಕು.